ಪಾಲಿಗೆ ಇಟ್ಟ ಬಾತಿನ ಮೊಟ್ಟೆ

ಬಾತುಕೋಳಿಯಷ್ಟು ತಲೆ ತಿನ್ನುವ ಪ್ರಾಣಿ ಇನ್ನೊಂದಿಲ್ಲ. ಅಮೃತಹಳ್ಳಿಯಲ್ಲಿ ಮುನಿಶಾಮಮ್ಮನವರ ಮಹಡಿ ಮನೆಗೆ ಬಾಡಿಗೆಗೆ ಬಂದ ಮೊದಲ ಬೆಳಿಗ್ಗೆಯೇ ನಾನು ಈ ತೀರ್ಮಾನಕ್ಕೆ ಬಂದೆ, ಇವತ್ತಿಗೂ ಬದಲಾಯಿಸಿಲ್ಲ. ಬೆಳಕು ಹರಿಯುವ ಮೊದಲೇ ಹಿತ್ತಲಲ್ಲಿ ಗಲಾಟೆ. ಬಗ್ಗಿ ನೋಡಿದರೆ, ನಾಲ್ಕಂತಸ್ತಿನ ಎರಡು ಕಟ್ಟಡಗಳ ನಡುವೆ ಒಂದು ಸೀಬೆ ಮರ, ಒಂದು ಕಲ್ಲುತೊಟ್ಟಿ, ಸುತ್ತ ಕೆಸರು, ಕೆಸರಿನ ತುಂಬ ಬಾತುಗಳು. “ಬಾತು ಸಾಕಿದ್ದೀರಾ?” ಎಂದು ಕೆಳಗಿದ್ದ ಮುನಿಶಾಮಮ್ಮನವರನ್ನು ಕೇಳಿದೆ.

“ಇಲ್ಲ ಕಣವ್ವ, ಅವೇ ನನ್ನ ಸಾಕ್ಕೊಂಡವೆ” ಅಂದರು.

ಅವರ ಬಾಯಿಯೇ ಹಾಗೆ. ಅರವತ್ತು ದಾಟಿದ ಹೆಂಗಸು, ಅನಿಸಿದ್ದನ್ನು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದರು. ನೀರಿನ ಟ್ಯಾಂಕರಿನ ಡ್ರೈವರ್, ಸೊಪ್ಪಿನವನು, ಸ್ವಂತ ಮಗ ಗಿರಿ, ಯಾರನ್ನೂ ಬಿಟ್ಟವರಲ್ಲ. ಬಾತಿನ ವಾಸನೆ ಎಂದು ನಾನು ಒಮ್ಮೆ ಮೂಗು ಮುಚ್ಚಿಕೊಂಡಾಗ, “ನಿನ್ ಸೆಂಟಿನ ವಾಸನೆ ಅವು ತಡ್ಕೊಂಡಿಲ್ವಾ?” ಎಂದು ಕೇಳಿದ್ದರು. ಆಮೇಲೆ ನಾನು ಆ ಸುದ್ದಿಗೆ ಹೋಗಲಿಲ್ಲ.

ಆ ಬಾತುಗಳು ಅವರ ಅತ್ತೆಯ ಕಾಲದವು. ಕೆರೆಯ ಕೆಳಗೆ ಗದ್ದೆ ಇದ್ದಾಗ ಅತ್ತೆ ತಂದ ಒಂದು ಜೋಡಿಯಿಂದ ಬೆಳೆದ ಸಂತಾನ. ಗದ್ದೆ ಹೋಯಿತು, ಅದರ ಮೇಲೆ ಅಪಾರ್ಟ್‌ಮೆಂಟ್ ಬಂತು. “ಗದ್ದೆ ಮಾರೋವಾಗ ನನ್ನ ಒಂದ್ ಮಾತು ಕೇಳ್ಲಿಲ್ಲ. ಬಾತು ಮುಟ್ಟಬೇಕಾದ್ರೆ ನನ್ನ ಕೇಳ್ಬೇಕು” ಎನ್ನುತ್ತಿದ್ದರು. ಗಿರಿಯೂ ಅವುಗಳ ಗೊಡವೆಗೆ ಹೋಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಯಾರೋ ಗೇಟು ಹಾಕದೆ ಹೋದರು. ಬೀದಿನಾಯಿಗಳು ನುಗ್ಗಿ ಹೆಣ್ಣು ಬಾತುಗಳನ್ನೆಲ್ಲ ಕೊಂದವು. ತೊಟ್ಟಿಯಲ್ಲಿದ್ದ ಮುದಿ ಗಂಡೊಂದು ಉಳಿಯಿತು. ಮುನಿಶಾಮಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ರಾಗಿ ಡಬ್ಬಕ್ಕೆ ಕೈ ಹಾಕಿ, ಹಿಂದಿನ ದಿನಗಳಲ್ಲಿ ಹೂತಿಟ್ಟಿದ್ದ ಮೊಟ್ಟೆಗಳನ್ನು ಹೊರತೆಗೆದರು. ಒಂಬತ್ತು ಇದ್ದವು. ವಂಶ ಅಂತ ಇನ್ನು ಉಳಿದಿದ್ದರೆ ಅವುಗಳೊಳಗೇ ಉಳಿದಿತ್ತು.

ಬೇರೆ ಬಾತು ಕೊಂಡರಾಯಿತಲ್ಲ ಅಂದೆ. “ಅವು ಬಾತೇ. ನಮ್ಮನೇವಲ್ಲ” ಅಂದರು.

ಮೊಟ್ಟೆಗೆ ಕಾವು ಕೊಡಲು ಕೋಳಿ ಬೇಕು. ಬೀದಿಯಲ್ಲಿ ಕಾವಿಗೆ ಬಂದ ಕೋಳಿ ಇದ್ದದ್ದು ಟೈಲರ್ ಖಾದರ್ ಬಾಷಾ ಅವರ ಹೆಂಡತಿ ರೆಹಾನಾಳ ಹತ್ತಿರ. ಯಾರ ಮನೆ ಬಾಗಿಲಿಗೂ ಏನನ್ನೂ ಕೇಳಲು ಹೋಗದ ಮುನಿಶಾಮಮ್ಮ ಅವತ್ತು ಮೊಟ್ಟೆಯ ಬುಟ್ಟಿ ಹಿಡಿದು ಹೊರಟರು. “ನೀನೂ ಬಾ ಮಂಜುಶ್ರೀ. ಒಬ್ಳೇ ಓದ್ರೆ ಬೇಡಕ್ ಬಂದಂಗಾಯ್ತದೆ.”

ಹಳೆಯ ಪದ್ಧತಿಯಂತೆ ಮಾತಾಯಿತು. ಮೊಟ್ಟೆ ಇವರದು, ಕೋಳಿ ಅವರದು, ಮರಿ ಇಬ್ಬರಿಗೂ ಸಮಪಾಲು. ರೆಹಾನಾ ಖುಷಿಯಿಂದ ಹುಲ್ಲು ಹಾಸಿ ಮೊಟ್ಟೆ ಜೋಡಿಸಿದಳು. ಮುನಿಶಾಮಮ್ಮ “ಇವು ಕೋಳಿ ಮೊಟ್ಟೆ ಅಲ್ಲ ಕಣಮ್ಮ, ಇವಕ್ಕೆ...” ಎಂದು ಶುರು ಮಾಡಿದರು.

“ಅಯ್ಯೋ ಅಮ್ಮ, ನಮ್ ಅಮ್ಮಿ ಮನೇಲಿ ಅಂಗಳ ತುಂಬ ಕೋಳಿ. ಹುಟ್ಟಿದಾಗ್ಲಿಂದ ನೋಡಿದೀನಿ, ನನ್ಗೇ ಹೇಳ್ಕೊಡ್ತೀರಾ?” ಎಂದು ರೆಹಾನಾ ನಕ್ಕಳು.

ಇನ್ಯಾರಾದರೂ ಹೀಗೆ ಅಂದಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದರು. ಆದರೆ ಅವತ್ತು ಬಂದಿದ್ದು ಕೇಳಲು. ಕೇಳಲು ಬಂದವಳು ಪಾಠ ಹೇಳಬಾರದು ಅಂತ ಸುಮ್ಮನಾದರಂತೆ. ಬಾತಿನ ಮೊಟ್ಟೆಗೆ ಕೋಳಿ ಮೊಟ್ಟೆಗಿಂತ ಒಂದು ವಾರ ಹೆಚ್ಚು ಕಾವು ಬೇಕು. ಆಗ ಅದು ನನಗೂ ಗೊತ್ತಿರಲಿಲ್ಲ.

ಸಮಯ ಬಂದಾಗ ಹೇಳಿದರಾಯಿತು ಎಂದುಕೊಂಡಿದ್ದರು. ಅಷ್ಟರಲ್ಲಿ ನಾಗಸಂದ್ರದಲ್ಲಿರುವ ತಂಗಿ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ ಬಾಣಂತನಕ್ಕೆ ಹೋದರು. ಎರಡು ದಿನ ಅಂತ ಹೋದವರಿಗೆ ಬಿಡಿಸಿಕೊಂಡು ಬರಲು ತಡವಾಯಿತು. ಬಂದವರು ಚೀಲವನ್ನೂ ಕೆಳಗಿಡದೆ ನನ್ನನ್ನು ಕರೆದುಕೊಂಡು ರೆಹಾನಾಳ ಮನೆಗೆ ನಡೆದರು.

ಕೋಳಿ ಅಂಗಳದಲ್ಲಿ ಕೆದಕುತ್ತಿತ್ತು. ಬುಟ್ಟಿ ಖಾಲಿ. ರೆಹಾನಾ ಸೆರಗನ್ನು ತಲೆಗೆಳೆದುಕೊಂಡು ಹೊರಗೆ ಬಂದಳು, ಮುಖ ಸಣ್ಣಗಾಗಿತ್ತು.

“ಒಂದೂ ಒಡೀಲಿಲ್ಲಮ್ಮ. ಇಪ್ಪತ್ತೊಂದು ದಿನ ಮುಗಿದ್ರೂ ನಿಮ್ದು ಅಂತ ಎರಡು ದಿನ ಜಾಸ್ತಿನೇ ಕಾದೆ. ಮನೇಲಿ ಕೊಳೆತು ನಾರತ್ತೆ ಅಂತ ನಿನ್ನೆ ಕಸದ ಗಾಡಿಗೆ ಹಾಕ್ಬಿಟ್ಟೆ.” ಆಮೇಲೆ ದನಿ ತಗ್ಗಿಸಿ, “ಒಂದು ಮೊಟ್ಟೆ ಕೈಯಲ್ಲಿ ಮಿಸುಕಿದಂಗಾಯ್ತು. ಅಷ್ಟು ದಿನ ಮೀರಿದ್ಮೇಲೆ ಜೀವ ಹೆಂಗಿರತ್ತೆ? ಹುಳ ಬಿದ್ದಿದೆ ಅಂದ್ಕೊಂಡೆ. ಹುಳಾನೇ ಅಲ್ವಾ ಅಮ್ಮ?” ಅಂದಳು.

ಮುನಿಶಾಮಮ್ಮ ಖಾಲಿ ಬುಟ್ಟಿಯನ್ನು ನೋಡುತ್ತ ನಿಂತರು. ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ಮೈ ಹಿಡಿ ಮಾಡಿಕೊಂಡೆ.

“ಊಂ, ಹುಳಾನೇ” ಅಂದರು. “ರಾಗಿ ಡಬ್ಬದಾಗೆ ಬಾಳ ದಿನ ಇಟ್ಬುಟ್ಟಿದ್ದೆ. ಕೆಟ್ಟ ಮೊಟ್ಟೇನೇ ಕೊಟ್ಟಿದ್ದೆ ಕಣಮ್ಮ ನಿಂಗೆ. ನನ್ ತಪ್ಪು.”

ರೆಹಾನಾಳ ಮುಖ ತಿಳಿಯಾಯಿತು. ಟೀ ಮಾಡುತ್ತೇನೆ ಎಂದು ಬಲವಂತ ಮಾಡಿದಳು. ಕುಡಿದೆವು. ಮುನಿಶಾಮಮ್ಮ ಲೋಟ ತುಂಬ ಕುಡಿದು, ಚೆನ್ನಾಗಿದೆ ಅಂತಲೂ ಹೇಳಿದರು.

ದಾರಿಯಲ್ಲಿ ಆ ಒಂದು ವಾರದ ಲೆಕ್ಕವನ್ನು ನನಗೆ ಹೇಳಿದರು. ನನಗೆ ಸಿಟ್ಟು ಬಂತು. “ಮತ್ತೆ ಹುಳ ಅಂತ ಯಾಕಂದ್ರಿ?” ಎಂದು ರೇಗಿದೆ.

“ಜೀವ ಇತ್ತು ಅಂದ್ರೆ ಅವು ಬರ್ತವಾ?” ಅಂದರು. ಗೇಟಿನ ಹತ್ತಿರ ನಿಂತು ಕಣ್ಣೊರೆಸಿಕೊಂಡರು. “ಗೊತ್ತಾದ್ರೆ ಆ ಉಡುಗಿ ಇನ್ ಯಾವತ್ತೂ ಕೋಳಿ ಕಾವಿಗೆ ಕೂರ್ಸಾಕಿಲ್ಲ ಕಣವ್ವ.”