ಉಪ್ಪೋ, ಎನ್‌ಜೈಮೋ

ಸಂಕ್ರಾಂತಿ ಹತ್ತಿರ ಬಂದರೆ ನಮ್ಮ ಜಮಖಂಡಿ ಮನೆಯಲ್ಲಿ ಕುಸುರೆಳ್ಳಿನ ಕೆಲಸ. ಶೇಗಡಿಯ ಸಣ್ಣ ಕೆಂಡದ ಮೇಲೆ ಅಗಲ ತಟ್ಟೆಯಂಥ ಪರಾತ, ಪರಾತದಲ್ಲಿ ಎಳ್ಳು, ಅದರ ಮೇಲೆ ಹನಿಹನಿಯಾಗಿ ಸಕ್ಕರೆ ಪಾಕ. ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಕಾಳಿನ ಸುತ್ತ ಸಕ್ಕರೆ ಮುಳ್ಳುಮುಳ್ಳಾಗಿ ಮೂಡುವವರೆಗೆ ಕೈ ತೆಗೆಯುವಂತಿಲ್ಲ.

ಈ ಸಲ ಪರಾತದ ಮುಂದೆ ಕೂತವಳು ಪಿಎಚ್‌ಡಿ ಮಾಡುತ್ತಿರುವ ನನ್ನ ಮೊಮ್ಮಗಳು. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದೊಳಗೆ ಹುಳಿ ಹುಟ್ಟಿಸುವ ಒಂದು ಎನ್‌ಜೈಮ್ ಇದೆಯಂತೆ. ಅದರ ಸ್ಟ್ರಕ್ಚರ್ ಕಂಡುಹಿಡಿಯುವುದು ಅವಳ ಕೆಲಸ. ಮೊದಲು ಅದನ್ನು ಹರಳುಗಟ್ಟಿಸಬೇಕು, ಹರಳಿಗೆ ಎಕ್ಸ್‌ರೇ ಹಾಯಿಸಬೇಕು, ಆಗ ಮೂಡುವ ಚುಕ್ಕಿಗಳಿಂದ ಲೆಕ್ಕ ಹಾಕಿ ಆಕಾರ ತಿಳಿಯಬೇಕು. ಹೋದ ವರ್ಷ ಹರಳು ಬಂತೆಂದು ಲ್ಯಾಬಿಗೆಲ್ಲ ಪೇಢೆ ಹಂಚಿದ್ದಳು. ಎಕ್ಸ್‌ರೇ ಹಾಯಿಸಿದರೆ ಅದು ಎನ್‌ಜೈಮ್ ಅಲ್ಲ, ದ್ರಾವಣದೊಳಗಿನ ಉಪ್ಪು! ಈಗ ಹೊಸ ಹರಳುಗಳನ್ನು ಅವಳ ಗೆಳತಿ ದೂರದ ಎಕ್ಸ್‌ರೇ ಸೆಂಟರ್‌ಗೆ ಒಯ್ದಿದ್ದಳು. ಇದೂ ಉಪ್ಪಾದರೆ ವಿಷಯವನ್ನೇ ಬದಲಾಯಿಸು ಎಂದು ಗೈಡ್ ಹೇಳಿಬಿಟ್ಟಿದ್ದರು.

ಕಾನ್ವೆಂಟಿನಲ್ಲಿ ನಾನೂ ದಾರಕ್ಕೆ ಕಟ್ಟಿ ಕಾಪರ್ ಸಲ್ಫೇಟ್ ಹರಳು ಬೆಳೆಸಿದವಳು. ಆ ನೀಲಿ ಇನ್ನೂ ಕಣ್ಣಲ್ಲಿದೆ. ಮದುವೆಯಾದ ಮೇಲೆ ಸೈನ್ಸ್ ಅಲ್ಲೇ ಉಳಿಯಿತು. ವೆಲ್, ಇರಲಿ.

ಮುಧೋಳದಿಂದ ಬಂದ ನನ್ನ ನಾದಿನಿ ಪಾಕ ಬಿಡುತ್ತ ಹುಡುಗಿಯನ್ನು ಕೆಣಕುತ್ತಿದ್ದಳು.

"ಮೊಸರಾಗಿನ ಹುಳದ ಸಲುವಾಗಿ ಇಷ್ಟ ವರ್ಷ ಓದಬೇಕೇನ ಬೇ? ನಾ ದಿನಾ ತಿಂತೇನಿ, ಒಂದ ದಿನಾರ ನನ್ನ ಮಾತಾಡ್ಸೇತೇನು?"

"ನೀವ ಅದಕ್ಕ ಮಾತಾಡಾಕ ಬಿಟ್ರಲ್ಲರೀ!"

ಅಷ್ಟರಲ್ಲಿ ಹುಡುಗಿಯ ಮೊಬೈಲ್ ಟುಣ್ ಎಂದಿತು. ಮೊಮ್ಮಗಳು ಬಗ್ಗಿ ಗೆಳತಿಯ ಹೆಸರು ನೋಡಿದಳು. ಬೆರಳಿಗೆಲ್ಲ ಪಾಕ.

"ಏಳಬ್ಯಾಡ, ಪರಾತ ಕೆಡತೈತಿ!" ಎಂದಳು ನಾದಿನಿ.

"ಆಯಿ, ನೀವ ನೋಡ್ರೀ. ನನಗ ಧೈರ್ಯ ಇಲ್ಲ. ಉಪ್ಪಾದ್ರ ಚುಕ್ಕಿ ನಾಕಾರು, ದೂರದೂರ ಇರ್ತಾವ. ಎನ್‌ಜೈಮ್ ಆದ್ರ ಒತ್ತೊತ್ತಾಗಿ ತುಂಬಿರ್ತಾವ."

ಗೆಳತಿ ಒಂದಕ್ಷರವನ್ನೂ ಬರೆದಿರಲಿಲ್ಲ, ಬರೀ ಫೋಟೋ. ಕನ್ನಡಕ ಒರೆಸಿ ನೋಡಿದೆ. ಬೂದಿ ಬಣ್ಣ, ಅಷ್ಟೇ.

"ಏನೂ ಕಾಣವಲ್ದು ಬೇ."

"ಎರಡ ಬೆರಳಿಲೆ ಎಳೀರಿ ಆಯಿ, ದೊಡ್ಡದಾಕ್ಕೈತಿ."

ಎಳೆದೆ. ನಡುವಿನಿಂದ ಅಂಚಿನವರೆಗೆ ಸಣ್ಣ ಕಪ್ಪು ಚುಕ್ಕಿಗಳು, ಸಾಲಿಗೆ ಸಾಲು ಹೊಂದಿಕೊಂಡು. ದೀಪಾವಳಿಗೂ ಯಾರೂ ಅಷ್ಟು ದೊಡ್ಡ ರಂಗೋಲಿಗೆ ಚುಕ್ಕಿ ಇಟ್ಟಿರಲಾರರು.

"ತುಂಬ್ಯಾವ ಬೇ! ಕಾಲಿಡಾಕ ಜಾಗಿಲ್ಲ! ಇಟ್ ಈಸ್ ನಾಟ್ ಸಾಲ್ಟ್, ಮೈ ಗರ್ಲ್!"

ಎದ್ದವಳೇ ಪಾಕದ ಕೈಯಿಂದಲೇ ನನ್ನನ್ನು ತಬ್ಬಿದಳು. ಸೀರೆ ಅಂಟಿತು, ಮೊಬೈಲ್ ಅಂಟಿತು. "ಪರಾತ! ಪರಾತ!" ಎಂದು ಕೂಗುತ್ತಿದ್ದ ನಾದಿನಿಯೂ ಕೊನೆಗೆ ತಾನೇ ಎದ್ದು ಬಂದು ಹುಡುಗಿಯ ಕೆನ್ನೆ ಹಿಂಡಿದಳು. ಆಕಾರ ತಿಳಿಯಲು ಇನ್ನೂ ಬಹಳ ಲೆಕ್ಕ ಉಳಿದಿದೆ ಎಂದಳು ಮೊಮ್ಮಗಳು, ಅಳುತ್ತ ನಗುತ್ತ. ಈಗ ಆ ಲೆಕ್ಕ ಹಾಕುವುದಕ್ಕೆ ಅವಳನ್ನು ತಡೆಯುವವರಿಲ್ಲ.

ನಾವು ತಿರುಗಿ ಬರುವಷ್ಟರಲ್ಲಿ ಎಳ್ಳು ಗಂಟುಕಟ್ಟಿತ್ತು. ಹಬ್ಬಕ್ಕೆ ಅದನ್ನೇ ಹಂಚಿದೆವು. ಮುಳ್ಳೆಲ್ಲಿ ಎಂದು ಕೇಳಿದವರಿಗೆಲ್ಲ ನಾದಿನಿಯದು ಒಂದೇ ಉತ್ತರ: "ನಮ್ಮ ಹುಡುಗಿ ಹರಳ ಪಾಸಾಗೇತ್ರೀ. ಸುಮ್ಮ ಬಾಯಿ ಸಿಹಿ ಮಾಡ್ಕೊಳ್ರಿ."