ಆಂಟೆನಾ ಆರಿಸಿದ ಕಂಬ

ಅವನನ್ನು ಎಲ್ಲರೂ ಆಂಟೆನಾ ಎಂದೇ ಕರೆಯುತ್ತಿದ್ದರು. ಮನೆಮನೆಯ ಟಿವಿಗೆ ಆಂಟೆನಾ ಕೂರಿಸುವುದು ಅವನ ಕಸುಬು. ಕಸುಬು ಹೋದ ಮೇಲೂ ಹೆಸರು ಉಳಿಯಿತು. ಅರ್ಧ ಆಯಸ್ಸನ್ನು ಬೇರೆಯವರ ತಾರಸಿಗಳ ಮೇಲೆ ಕಳೆದವನು, ಹೃದಯ ಸೋತ ಮೇಲೆ, ಮೂರನೇ ಮಹಡಿಯ ಕೋಣೆಯಲ್ಲಿ ಕುರ್ಚಿಗೆ ಅಂಟಿಕೊಂಡ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುಳಿತರೆ ನಿದ್ದೆ ಇಲ್ಲ. ಒಮ್ಮೆ ಆಸ್ಪತ್ರೆಯಿಂದ ಬರುವಾಗ ಪರಿಚಯದವರ ಅಂಗಳದಲ್ಲಿದ್ದ ಜೋಲಿಯಲ್ಲಿ ಒರಗಿದ. ಅದು ಬೆನ್ನನ್ನು ಅರ್ಧ ಎತ್ತಿ ಹಿಡಿಯಿತು. ಅಲ್ಲೇ ಗೊರಕೆ ಹೊಡೆದ. ಅಂದಿನಿಂದ ಅದೊಂದೇ ಜಪ: ತಾರಸಿಯ ಮೇಲೆ ಜೋಲಿ ಕಟ್ಟಿ ಮಲಗಬೇಕು.

ತಾರಸಿಯಲ್ಲಿ ಮರವೆಲ್ಲಿಂದ ಬರಬೇಕು? ಗೋಡೆಗೆ ಕೊಕ್ಕೆ ಹೊಡೆಯಲು ಮಾಲೀಕ ಬಿಡಲಿಲ್ಲ, ಸಾಮಾನು ಬಿಟ್ಟು ಬರಲೂ ಬಿಡಲಿಲ್ಲ. ಹಾಗಾಗಿ ದಿನವೂ ಹೊತ್ತೊಯ್ದು ಜೋಡಿಸುವ ಸ್ಟ್ಯಾಂಡೇ ಆಗಬೇಕು: ಎರಡು ತುದಿಗೆ ಕತ್ತರಿ ಕಾಲು, ಮೇಲೊಂದು ಅಡ್ಡ ಕಂಬ. ಹೊರುವವಳು ಹೆಂಡತಿ. ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು.

ಪೈಪಿನ ಅಂಗಡಿಯಲ್ಲಿ ಅವನು ಸ್ಟೂಲಿನ ಮೇಲೆ ಕೂತು, ಒಂದೊಂದೇ ಕಂಬವನ್ನು ಹಳೆಯ ಗೆಳೆಯನಾದ ನನ್ನಿಂದ ಅವಳ ಹೆಗಲ ಮೇಲೆ ಇಡಿಸಿ ನೋಡಿದ.

"ಇದು ಪೈಪಿನ ಅಂಗಡಿ ಸ್ವಾಮಿ, ಬಟ್ಟೆ ಅಂಗಡಿ ಅಲ್ಲ," ಅಂದ ಅಂಗಡಿಯವನು.

"ಮೈಗೆ ಒಪ್ಪಬೇಕಲ್ಲಪ್ಪಾ!"

ಬಿದಿರು ಹಗುರವಾಗಿತ್ತು, ಆದರೆ ತೂತು ಕೊರೆದಲ್ಲಿಂದ ಸೀಳುತ್ತದೆ ಎಂದು ಬೇಡವೆಂದ. ಮರದ ಕಂಬಕ್ಕೆ ಅವಳು ಒಂದು ಪಕ್ಕಕ್ಕೆ ವಾಲಿದಳು. ಪ್ಲಾಸ್ಟಿಕ್ ಪೈಪು ಮಂಡಿಗೆ ಒತ್ತಿದರೆ ಹಾವಿನಂತೆ ಬಳುಕಿತು. ಕಬ್ಬಿಣವೇ ಸರಿ ಎಂದು ನಾನು ಪಟ್ಟು ಹಿಡಿದೆ.

"ಹೊರೋದು ನೀನಾ?" ಅಂತ ನನ್ನ ಮೇಲೆ ರೇಗಿದ.

"ಬೀಳೋನು ನೀನು!"

"ದಿನಾ ಕರಗ್ತಾ ಇದೀನಿ ಕಣೋ. ಇನ್ನು ಸ್ವಲ್ಪ ದಿನಕ್ಕೆ ಬಟ್ಟೆ ಒಣಗಿಸೋ ಹಗ್ಗವೇ ಸಾಕು ನಂಗೆ."

ಅಲ್ಯೂಮಿನಿಯಂ ಬಂತು. ಅವಳು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕಂಬಗಳನ್ನು ಮೇಲಕ್ಕೊಯ್ದು ಜೋಡಿಸಿ, ಆಮೇಲೆ ಅವನ ತೋಳನ್ನು ತನ್ನ ಕತ್ತಿನ ಸುತ್ತ ಹಾಕಿಕೊಂಡು ಹತ್ತಿಸುತ್ತಿದ್ದಳು. ನಾನು ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಅವನು ಬಾಯಿ ತೆರೆದು, ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದ.

ಕರಗುತ್ತೇನೆಂಬ ಅವನ ಲೆಕ್ಕ ತಪ್ಪಿತು. ಮೈಗೆ ನೀರು ತುಂಬಿತು. ಕಾಲು ಊದಿತು, ಹೊಟ್ಟೆ ಊದಿತು. ಆಸ್ಪತ್ರೆಯ ತೂಕದ ಮುಳ್ಳು ಪ್ರತಿ ಸಲವೂ ಮುಂದಕ್ಕೇ ಹೋಯಿತು. ಒಂದು ಬೆಳಿಗ್ಗೆ ಅಡ್ಡ ಕಂಬ ಸದ್ದಿಲ್ಲದೆ ಬಾಗಿ ಅವನ ಬೆನ್ನನ್ನು ನೆಲಕ್ಕೆ ಮುಟ್ಟಿಸಿತು. ಉಸಿರಿಗಾಗಿ ಬಡಿದಾಡಿದ. ಅವಳಿನ್ನೂ ಕೆಲಸಕ್ಕೆ ಹೊರಟಿರಲಿಲ್ಲ; ನಾವಿಬ್ಬರೂ ಎತ್ತಿ ಕೂರಿಸಿದೆವು.

"ಕಬ್ಬಿಣದ್ದು ತರೋಣ ರೀ," ಅಂದಳು ಅವಳು.

"ಬೇಡ. ನಿನ್ನ ಹೆಗಲು ಮುರಿಯತ್ತೆ."

"ನಿಮ್ಮನ್ನೇ ಹೊರ್ತಾ ಇದೀನಲ್ಲ, ಕಂಬ ಯಾವ ಲೆಕ್ಕ?"

ಅವನು ಬಾಗಿದ ಕಂಬದ ಮೇಲೆ ಕೈಯಾಡಿಸಿದ. ಕಂಬದ ಭಾರವನ್ನು ಅಷ್ಟು ತೂಗಿ ನೋಡಿದವನಿಗೆ ತನ್ನ ಭಾರ ಹೊಳೆದೇ ಇರಲಿಲ್ಲ. ಅಥವಾ ಹೊಳೆದಿತ್ತೇನೋ. "ದಪ್ಪದ್ದೇ ತಗೊಂಬಾ," ಎಂದು ನನಗೆ ಹೇಳಿದ.

ಕಬ್ಬಿಣದ ಕಂಬದ ಕೆಳಗೆ ಅವನಿಗೆ ಕೆಲವು ಬೆಳಗುಗಳು ಸಿಕ್ಕವು. ಆಮೇಲೊಂದು ಬೆಳಿಗ್ಗೆ ಗೊರಕೆ ನಿಂತಿತು. ನಾನು ಪತ್ರಿಕೆಯ ಪುಟ ತಿರುವಿ, ನಿಂತದ್ದು ತಡವಾಗಿ ತಿಳಿದು, ಎದ್ದು ಮೂಗಿನ ಬಳಿ ಬೆರಳಿಟ್ಟೆ. ಉಸಿರಿರಲಿಲ್ಲ.

ಕಾರ್ಖಾನೆಯಿಂದ ಅವಳು ಓಡಿ ಬಂದಳು. ಆಂಬುಲೆನ್ಸಿನವರ ಸ್ಟ್ರೆಚರ್ ಆ ಮೆಟ್ಟಿಲಿನ ತಿರುವಿನಲ್ಲಿ ಹೊರಳಲಿಲ್ಲ. ಅವಳೇ ಅಡ್ಡ ಕಂಬವನ್ನು ಕಾಲುಗಳಿಂದ ಬಿಚ್ಚಿಸಿದಳು. ಜೋಲಿಯನ್ನು ಕಂಬಕ್ಕೆ ಬಿಗಿದು, ಅವನನ್ನು ಅದರಲ್ಲೇ ಇಳಿಸಿದೆವು.

ಹಿಂದಿನ ತುದಿ ನನ್ನ ಹೆಗಲ ಮೇಲಿತ್ತು. ಮುಂದಿನ ತುದಿಗೆ ಆಂಬುಲೆನ್ಸಿನವನು ಕೈ ಹಾಕಿದ. "ಬಿಡಪ್ಪಾ, ನಂಗೆ ರೂಢಿ ಇದೆ," ಎಂದು ಅವಳು ಅವನ ಕೈ ಸರಿಸಿದಳು.