ಹತ್ತು ದ್ರಾಕ್ಮಾ ಇಳಿದ ಕೂಸು

ವಡಾಲದ ನಮ್ಮ ಕಾಲನಿಯಲ್ಲಿ ನೀಲಕಂಠಪ್ಪನವರನ್ನು ಎಲ್ಲರೂ ದ್ರಾಕ್ಮಾ ಕಾಕಾ ಎನ್ನುತ್ತಿದ್ದರು. ಗದಗಿನ ಕಡೆಯವರು, ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಅಸಿಸ್ಟಂಟ್. ಸರ್ಕಾರ ತೊಲೆ, ಸೇರು ತೆಗೆದು ಗ್ರಾಂ, ಕಿಲೋ ತಂದಾಗ ಕಾಲನಿಯ ಹೆಂಗಸರೆಲ್ಲ ಲೆಕ್ಕ ಕೇಳಲು ಇವರ ಬಾಗಿಲಿಗೇ ಹೋಗುತ್ತಿದ್ದೆವು. ನಾಲ್ಕಾರು ವರ್ಷಗಳಲ್ಲಿ ಗ್ರಾಂ ರೂಢಿಯಾಯಿತು, ಇವರನ್ನು ಕೇಳುವವರು ಇಲ್ಲವಾದರು. ಮನುಷ್ಯ ಸುಮ್ಮನಿರಬೇಕಲ್ಲ. ಫೌಂಟನ್ನಿನ ಫುಟ್‌ಪಾತಿನ ಹಳೆ ಪುಸ್ತಕದವರ ಹತ್ತಿರ ಪ್ರಾಚೀನ ಗ್ರೀಕ್ ನಾಣ್ಯಗಳ ಪುಸ್ತಕವೊಂದನ್ನು ಕೊಂಡರು. ಪರಮಾಣುವನ್ನು ತೂಗುವ ಎಎಂಯು ಎಂಬ ಮಾನ ಲ್ಯಾಬಿನಿಂದಾಗಿ ಮೊದಲೇ ಗೊತ್ತಿತ್ತು. ಎರಡಕ್ಕೂ ಗಂಟು ಹಾಕಿದರು. ಗ್ರೀಕರ ದ್ರಾಕ್ಮಾ ಎಂಬ ಬೆಳ್ಳಿ ನಾಣ್ಯದ ತೂಕ ನಾಲ್ಕು ಗ್ರಾಮಿನ ಮೇಲೆ ಚೂರು. ಅದನ್ನೇ ಎಎಂಯುನಲ್ಲಿ ಬರೆದರೆ ಸೊನ್ನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಹೆಂಡತಿ ಮಲ್ಲಕ್ಕ ಬದನೆಕಾಯಿ ತಂದರೆ ಅದರ ತೂಕವನ್ನೂ ಎರಡು ರೀತಿಯಲ್ಲಿ ಹೇಳುವರು. ಇದರಿಂದ ಯಾರಿಗೆ ಏನು ಉಪಯೋಗ ಎಂದು ಕೇಳಿದರೆ, ಉಪಯೋಗ ಇರುವುದನ್ನು ಎಲ್ಲರೂ ಮಾಡುತ್ತಾರಲ್ಲ ಎನ್ನುವರು. ಈ ಉತ್ತರಕ್ಕೆ ನನಗೆ ಪ್ರತಿಸಲವೂ ಮೈ ಉರಿಯುತ್ತಿತ್ತು.

ಎಪ್ಪತ್ತೊಂದರಲ್ಲಿ ಮಗಳು ಪ್ರಫುಲ್ಲಾ ಹೆರಿಗೆಗೆ ತವರಿಗೆ ಬಂದಳು, ಅಳಿಯ ಬಡೋದಾದಲ್ಲಿದ್ದ. ಏಳು ತಿಂಗಳಿಗೇ ಹೆಣ್ಣು ಕೂಸು ಹುಟ್ಟಿತು. ದವಾಖಾನೆಯವರು ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ತಾಯಿಯನ್ನು ಮನೆಗೆ ಕಳಿಸಿದರು. ಮಲ್ಲಕ್ಕ ಮಗಳ ಕಿವಿಗೆ ಹತ್ತಿ ತುರುಕಿ, ತಲೆಗೆ ಅರಿವೆ ಸುತ್ತಿ, ಹೊರಸಿನ ಕೆಳಗೆ ಕೆಂಡ ಇಟ್ಟಳು. ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಹಾಲು ಹಿಂಡಿ ಬಾಟಲಿಯಲ್ಲಿ ಕೊಟ್ಟರೆ ನೀಲಕಂಠಪ್ಪನವರು ಬಸ್ಸಿನಲ್ಲಿ ಒಯ್ಯುವರು, ಬರುವಾಗ ಕೂಸಿನ ತೂಕ ತಿಳಿದುಕೊಂಡು ಬರುವರು.

ತೂಕ ಏರಿದರೆ ಎಎಂಯು, ಇಳಿದರೆ ದ್ರಾಕ್ಮಾ. ಹದಿನೇಳು ಗ್ರಾಂ ಏರಿದ ದಿನ, "ಒಂದರ ಮುಂದ ಇಪ್ಪತ್ತೈದು ಸೊನ್ನಿ ಏರ್ಯಾಳವ್ವಾ," ಎಂದರು. ನಲವತ್ತಮೂರು ಗ್ರಾಂ ಇಳಿದ ದಿನ, "ಹತ್ತ ದ್ರಾಕ್ಮಾ, ಅಷ್ಟ," ಎಂದರು. ಹತ್ತು ಯಾರಿಗೂ ದೊಡ್ಡ ಸಂಖ್ಯೆಯಲ್ಲ. ಪ್ರಫುಲ್ಲಾ ಅಳವಿ ಬೀಜದ ಪಾಯಸ ಕುಡಿದು ನಿಶ್ಚಿಂತೆಯಿಂದ ಮಲಗುವಳು. ಸುಳ್ಳು ಹೇಳಿದರು ಎನ್ನುವಂತಿಲ್ಲ. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆದರೆ ಕೂಸು ಬಾಟಲಿಯ ಹಾಲು ಸರಿಯಾಗಿ ಕುಡಿಯುತ್ತಿರಲಿಲ್ಲ. ವಾರ್ಡಿನ ಸಿಸ್ಟರ್ ದಿನವೂ, "ಆಜೋಬಾ, ಆಯೀಲಾ ಘೇವೂನ್ ಯಾ," ಎನ್ನುವಳು. ತಾಯಿಯನ್ನು ಕರೆತಂದರೆ ಎದೆಗೆ ಹಚ್ಚಿ ನೋಡಬಹುದು ಎಂದು ಅವಳ ಮಾತು. ಇವರು ಅದನ್ನು ಅಡುಗೆಮನೆಯಲ್ಲಿ ಮಲ್ಲಕ್ಕನ ಕಿವಿಗೆ ಹಾಕುವರು. "ಹಸಿ ಬಾಣಂತಿಗೆ ಗಾಳಿ ಹೊಡದ್ರ ಇಬ್ಬರನ್ನೂ ಕಳಕೋತೀರಿ," ಎಂದು ಮಲ್ಲಕ್ಕ ಒಗ್ಗರಣೆ ಹಾಕುವಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮಗಳ ಕೋಣೆಗೆ ಹೋಗುತ್ತಿದ್ದುದು ದ್ರಾಕ್ಮಾ ಮಾತ್ರ.

ಒಂದು ಮಧ್ಯಾಹ್ನ ನಾನು ಬಾಣಂತಿಗೆ ಅಂಟಿನ ಉಂಡೆ ಕೊಡಲು ಹೋಗಿದ್ದೆ. ಇವರು ಆಗಷ್ಟೇ ದವಾಖಾನೆಯಿಂದ ಬಂದು, "ಆರ ದ್ರಾಕ್ಮಾ," ಎಂದರು. ಪ್ರಫುಲ್ಲಾ ಕಿವಿಯ ಹತ್ತಿ ತೆಗೆದಳು.

"ಅಪ್ಪಾ, ಈ ವಾರ ಬರೇ ದ್ರಾಕ್ಮಾ ಆತು. ಸೊನ್ನಿ ಎಲ್ಲಿ ಹೋದ್ವು?"

ಇವರು ಖಾಲಿ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತರು.

"ಗ್ರಾಂನ್ಯಾಗ ಹೇಳ್ರಿ," ಎಂದಳು.

"ಹುಟ್ಟಿದಾಗ ಸಾವಿರದ ನಾನೂರು. ಇವತ್ತ ಸಾವಿರದ ಇನ್ನೂರೈವತ್ತು."

"ಸಿಸ್ಟರ್ ಏನಂತಾರ?"

"ನಿನ್ನ ಕರೀತಾರ."

ಪ್ರಫುಲ್ಲಾ ಅಳಲಿಲ್ಲ. ಎದ್ದು ಚಪ್ಪಲಿ ಹುಡುಕಿದಳು. ಮಲ್ಲಕ್ಕ ಬಾಗಿಲಿಗೆ ಅಡ್ಡ ನಿಂತು, "ಹೊರಗ ಗಾಳಿ ಅದ," ಎಂದಳು.

"ಇರಲಿ. ಬಾಜೂ ಸರಿ, ಅವ್ವಾ."

ಮಲ್ಲಕ್ಕ ಸರಿದಳು. ಸರಿದವಳು ತನ್ನ ಶಾಲನ್ನೂ ಮಗಳ ತಲೆಗೆ ಸುತ್ತಿ ತಾನೂ ಹೊರಟಳು, ಬಸ್ ಸ್ಟಾಪಿನವರೆಗೆ ಗಂಡನನ್ನೇ ಬೈದಳು. ನನಗೂ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆದರೂ ಬೈಸಿಕೊಳ್ಳುತ್ತ ಜೊತೆಗೆ ಹೊರಟ ಅವರ ನಡಿಗೆಯನ್ನು ಹಿಂದಿನಿಂದ ನೋಡಿ ಸಂಕಟವೇ ಆಯಿತು.

ಕೂಸು ಮೊದಲ ದಿನ ಎದೆಗೆ ಬಾಯಿ ಹಚ್ಚಿ ನಿದ್ದೆಹೋಯಿತು. ಮರುದಿನವೂ ಅಷ್ಟೇ. ಆಮೇಲೆ ಒಂದು ದಿನ ಚೀಪಿತು. ಬೆಳಗಾದರೆ ಪ್ರಫುಲ್ಲಾ ವಾರ್ಡಿನಲ್ಲಿರುತ್ತಿದ್ದಳು. ಗಾಳಿ ಅವಳಿಗೆ ಏನೂ ಮಾಡಲಿಲ್ಲ. ಕಳೆದುಹೋದ ತೂಕವೆಲ್ಲ ತುಂಬಿ ಬಂದ ದಿನ ನಾನೂ ಅಲ್ಲಿದ್ದೆ. ಸಿಸ್ಟರ್ ಕೂಸನ್ನು ತಕ್ಕಡಿಯಿಂದ ಎತ್ತಿ ತಾಯಿಯ ಕೈಗೆ ಕೊಟ್ಟು, ತೂಕ ಏರಿದೆ ಎಂದು ನಕ್ಕಳು. ನೀಲಕಂಠಪ್ಪನವರು ಕನ್ನಡಕ ಏರಿಸಿ ಬಾಯಿ ತೆರೆದರು.

"ಬ್ಯಾಡ್ರಿ ಅಪ್ಪಾ," ಎಂದಳು ಪ್ರಫುಲ್ಲಾ. "ಕೈ ಮುಂದ ಮಾಡ್ರಿ."

ಕೂಸನ್ನು ಅವರ ಅಂಗೈಗಳ ಮೇಲೆ ಇಟ್ಟಳು. ದಿನವೂ ಅದರ ತೂಕ ಹೇಳುತ್ತ ಬಂದವರು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

"ಭಾಳ ಹಗುರ ಅದಾಳವ್ವಾ," ಎಂದರು. "ನನಗ ಅಂಜಿಕಿ ಬರ್ತದ."